ಎರಡು ವಾಲ್ವಿನ ಆಮೆ, 302 ನರಕೋಶದ ಹುಳು

ನರಗಳು ಮೂಳೆಯ ಹಾಗಲ್ಲ, ಮೆತ್ತಗಿನವು. ಕಲ್ಲಿನಲ್ಲಿ ಅಚ್ಚೊತ್ತಿ ಉಳಿಯುವುದು ತೀರಾ ಅಪರೂಪ. ಹಾಗಾಗಿ ಮೊತ್ತಮೊದಲ ನರಜಾಲ ಹೇಗೆ ಹುಟ್ಟಿತು ಅಂತ ಕೇಳಿದರೆ ಭೂಮಿ ಅಗೆದು ತೋರಿಸುವುದು ಕಷ್ಟ. ಉಳಿದಿರುವ ದಾರಿ ಎರಡು: ಈಗ ಬದುಕಿರುವ ಸರಳ ಪ್ರಾಣಿಗಳನ್ನು ನೋಡುವುದು, ಇಲ್ಲವೇ ನಾವೇ ಒಂದನ್ನು ಕಟ್ಟಿ ನೋಡುವುದು. ಈ ಕಟ್ಟಿ ನೋಡಿದವರ ಕಥೆ ಸ್ವಾರಸ್ಯವಾಗಿದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ 1948-49ರಲ್ಲಿ ಗಾಲಿಯ ಮೇಲೆ ಓಡಾಡುವ ಎರಡು 'ಆಮೆ' ಮಾಡಿದ. ಹೆಸರು ಎಲ್ಮರ್, ಎಲ್ಸಿ. ಪ್ರತಿಯೊಂದರ ಒಳಗೆ ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಎರಡು ವಾಲ್ವ್, ಬೆಳಕು ಗುರುತಿಸಲು ಒಂದು ಫೋಟೋಸೆಲ್, ಡಿಕ್ಕಿ ಹೊಡೆದರೆ ತಿಳಿಯಲು ಒಂದು ಸ್ವಿಚ್. ಎರಡು ವಾಲ್ವ್ ಅಂದರೆ ಎರಡು ನರಕೋಶ ಅಂತ ಲೆಕ್ಕ. ಅಷ್ಟರಲ್ಲೇ ಅವು ಮಂದ ಬೆಳಕಿನತ್ತ ಹೋಗುತ್ತಿದ್ದವು, ಕಣ್ಣು ಕುಕ್ಕುವ ಬೆಳಕಿನಿಂದ ದೂರ ಸರಿಯುತ್ತಿದ್ದವು, ಬ್ಯಾಟರಿ ಇಳಿದರೆ ದೀಪ ಹಚ್ಚಿಟ್ಟ ಗೂಡಿಗೆ ಮರಳುತ್ತಿದ್ದವು!

ಆದರೆ ಆಮೆಗಳನ್ನು ಮನುಷ್ಯ ಯೋಚಿಸಿ ಮಾಡಿದ್ದ. ವಿಕಾಸಕ್ಕೆ ಹಾಗೆ ಯೋಚಿಸುವವರು ಯಾರೂ ಇಲ್ಲವಲ್ಲ? 1994ರಲ್ಲಿ ಕಾರ್ಲ್ ಸಿಮ್ಸ್ ಕಂಪ್ಯೂಟರಿನೊಳಗೆ ಡಬ್ಬಿಗಳನ್ನು ಜೋಡಿಸಿದಂಥ ಮೈಯಿರುವ ಪ್ರಾಣಿಗಳನ್ನು ಬಿಟ್ಟ. ಮೈ ಮತ್ತು ನರಜಾಲ ಎರಡೂ ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪಸ್ವಲ್ಪ ಬದಲಾಗುತ್ತಿದ್ದವು. ಚೆನ್ನಾಗಿ ಈಜಿದವು ಉಳಿದವು, ಉಳಿದವು ಮರಿ ಹಾಕಿದವು. ಕೊನೆಗೆ ಹಾವಿನಂತೆ ಬಳುಕುತ್ತಾ ಈಜುವವು ತಾವಾಗಿಯೇ ಮೂಡಿಬಂದವು. ಸಿಮ್ಸ್ ಒಂದು ಎಚ್ಚರಿಕೆಯನ್ನೂ ಬರೆದಿಟ್ಟ: ಪ್ರೋಗ್ರಾಮಿನ ಭೌತವಿಜ್ಞಾನದಲ್ಲಿ ಸಣ್ಣ ತೂತಿದ್ದರೂ ಈ ಪ್ರಾಣಿಗಳು ಅದನ್ನು ಹುಡುಕಿ ಲಾಭ ಪಡೆಯುತ್ತವೆ. ನಾವು ಗೆಲುವು ಅಂದುಕೊಂಡದ್ದು ನಮ್ಮ ಲೆಕ್ಕದ ತಪ್ಪೇ ಆಗಿರಬಹುದು.

ನಿಜವಾದ ಪ್ರಾಣಿಯದು ಇನ್ನೊಂದು ಕಥೆ. ಸಿಡ್ನಿ ಬ್ರೆನ್ನರ್ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ ಸುಮಾರು 1 ಮಿ.ಮೀ. ಉದ್ದದ 'ಸಿ. ಎಲಿಗನ್ಸ್' ಹುಳುವನ್ನು ತೆಳ್ಳಗೆ ಸೀಳಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ 302 ನರಕೋಶಗಳು ಹೇಗೆ ಜೋಡಿಕೊಂಡಿವೆ ಎಂಬ ನಕ್ಷೆಯನ್ನು 1986ರಲ್ಲಿ ಪ್ರಕಟಿಸಿದರು. ನಕ್ಷೆ ಸಿಕ್ಕ ಮೇಲೆ ಇನ್ನೇನು, ಹುಳು ಕಂಪ್ಯೂಟರಿನಲ್ಲಿ ಹರಿದಾಡಿದಂತೆಯೇ ಅಲ್ಲವೇ? ಹಾಗಾಗಲಿಲ್ಲ. 2011ರಲ್ಲಿ ಶುರುವಾದ ಓಪನ್‌ವರ್ಮ್ ಯೋಜನೆಗೂ ಪೂರ್ತಿ ಹುಳು ಕೈಗೆ ಸಿಕ್ಕಿಲ್ಲ. ಯಾವ ತಂತಿ ಎಲ್ಲಿಗೆ ಅಂತ ಗೊತ್ತು. ಅದರ ಬಲ ಎಷ್ಟು, ಅದು ಕೆರಳಿಸುತ್ತದೋ ತಡೆಯುತ್ತದೋ ಅಂತ ನಕ್ಷೆ ಹೇಳುವುದಿಲ್ಲ. ಸಾಲದ್ದಕ್ಕೆ, ತಂತಿಯೇ ಇಲ್ಲದೆ ದೂರದ ಕೋಶಗಳಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳೂ ಇವೆ.

ಇನ್ನೂ ಒಂದು ತೊಡಕು ಸಮುದ್ರದಿಂದ ಬಂತು. 2023ರಲ್ಲಿ ಕಾಂಬ್ ಜೆಲ್ಲಿ ಎಂಬ ಲೋಳೆಪ್ರಾಣಿಯ ಮರಿಯಲ್ಲಿ ನೋಡಿದರೆ, ನರಜಾಲದ ಕೋಶಗಳ ನಡುವೆ ಸಂದೇ ಇರಲಿಲ್ಲ, ಒಂದಕ್ಕೊಂದು ಬೆಸೆದುಕೊಂಡಿದ್ದವು. ನರಗಳು ಒಂದಲ್ಲ, ಎರಡು ಸಲ ಬೇರೆಬೇರೆಯಾಗಿ ಹುಟ್ಟಿರಬಹುದು ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ. ವಾದ ಇನ್ನೂ ಮುಗಿದಿಲ್ಲ.

ನನಗನ್ನಿಸುವುದಿಷ್ಟು. ಕಂಪ್ಯೂಟರಿನಲ್ಲಿ ನಡೆದದ್ದು 'ಹೀಗೂ ಆಗಬಹುದು' ಅಂತ ಹೇಳುತ್ತದೆ, 'ಹೀಗೇ ಆಯಿತು' ಅಂತ ಹೇಳುವುದಿಲ್ಲ. ಒಂದೇ ಊರಿಗೆ ಎರಡು ದಾರಿ ಇರಬಹುದಲ್ಲ! ಪ್ರಾಣಿಗಳು ಯಾವ ದಾರಿಯಲ್ಲಿ ಬಂದವು ಅಂತ ಕೊನೆಗೂ ಆ ಪ್ರಾಣಿಗಳನ್ನೇ ಕೇಳಬೇಕು.