ಸ್ಕಾಲಾ ಯೋಜನೆಗಳಲ್ಲಿ ಲೈಬ್ರರಿ ಆವೃತ್ತಿಗಳ ತಿಕ್ಕಾಟ: ಪರಿಹಾರಗಳು ಬೆಳೆದುಬಂದ ಬಗೆ

ಜಾವಾ ವರ್ಚುವಲ್ ಮಷೀನ್, ಅಂದರೆ ಜೆವಿಎಂ ಮೇಲೆ ಓಡುವ ಸ್ಕಾಲಾ ಭಾಷೆಯ ಯಾವುದೇ ದೊಡ್ಡ ಯೋಜನೆಯಲ್ಲಿ ಅದರ ಕರ್ತೃಗಳೇ ಬರೆದ ಕೋಡಿಗಿಂತ ಇತರರಿಂದ ಪಡೆದ ಕೋಡೇ ಹೆಚ್ಚಾಗಿರುವುದುಂಟು. ಯೋಜನೆಯು ಹೆಸರಿಸಿ ತರಿಸಿಕೊಳ್ಳುವ ಲೈಬ್ರರಿಗಳು ಅದರ ನೇರ ಅವಲಂಬನೆಗಳು. ಆ ಲೈಬ್ರರಿಗಳು ತಮ್ಮ ಕೆಲಸಕ್ಕಾಗಿ ಜೊತೆಗೆ ಎಳೆದು ತರುವ ಇತರ ಲೈಬ್ರರಿಗಳು ಪರೋಕ್ಷ ಅವಲಂಬನೆಗಳು. ಎರಡು ನೇರ ಲೈಬ್ರರಿಗಳು ಒಂದೇ ಪರೋಕ್ಷ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳನ್ನು ಬೇಡಿದಾಗ ತಿಕ್ಕಾಟ ಹುಟ್ಟುತ್ತದೆ. ಜೆವಿಎಂ ಸಾಮಾನ್ಯ ಸ್ಥಿತಿಯಲ್ಲಿ ಒಂದು ಹೆಸರಿನ ಕ್ಲಾಸನ್ನು ಒಮ್ಮೆ ಮಾತ್ರ, ಅದೂ ಕ್ಲಾಸ್‌ಪಾತ್ ಎಂಬ ಹುಡುಕುಪಟ್ಟಿಯಲ್ಲಿ ಮೊದಲು ಸಿಕ್ಕ ಕಡತದಿಂದಲೇ ತೆಗೆದುಕೊಳ್ಳುವುದರಿಂದ, ಎರಡು ಆವೃತ್ತಿಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡುವುದು ಅನಿವಾರ್ಯವಾಗುತ್ತದೆ. ಕೈಬಿಟ್ಟ ಆವೃತ್ತಿಯಲ್ಲಿದ್ದ ಮೆಥಡ್ ಉಳಿದದ್ದರಲ್ಲಿ ಇಲ್ಲದಿದ್ದರೂ ಕಂಪೈಲರ್ ಅದನ್ನು ಗುರುತಿಸಲಾರದು. ಏಕೆಂದರೆ ಆ ಮೆಥಡನ್ನು ಕರೆಯುವ ಲೈಬ್ರರಿಯನ್ನು ಅದರ ಕರ್ತೃ ಬೇರೆಡೆ, ಎಂದೋ ಕಂಪೈಲ್ ಮಾಡಿ ಪ್ರಕಟಿಸಿಯಾಗಿರುತ್ತದೆ. ಹೀಗಾಗಿ ಪ್ರೋಗ್ರಾಂ ಓಡುತ್ತಿರುವಾಗ, ಆ ಕರೆ ನಡೆಯುವ ಕ್ಷಣದಲ್ಲಿ ಮಾತ್ರ, ನೋಸಚ್‌ಮೆಥಡ್‌ಎರರ್ ಎಂಬ ದೋಷ ಕಾಣಿಸಿಕೊಳ್ಳುತ್ತದೆ.

ಈ ಸಮಸ್ಯೆಯನ್ನು ಉಪಕರಣದ ಲೆಕ್ಕಾಚಾರದಿಂದಲೇ ಪೂರ್ತಿ ಬಗೆಹರಿಸಬಹುದೆಂಬ ಆಸೆಗೆ ಸಿದ್ಧಾಂತದ ಬೆಂಬಲ ಕಡಿಮೆ. ಡೆಬಿಯನ್‌ನಂತಹ ಲಿನಕ್ಸ್ ವಿತರಣೆಗಳ ಪ್ಯಾಕೇಜುಗಳನ್ನು ಅಧ್ಯಯನ ಮಾಡಿದ ಯುರೋಪಿನ ಸಂಶೋಧಕರು 2006ರ ಹೊತ್ತಿಗೇ, ಎಲ್ಲ ಷರತ್ತುಗಳನ್ನೂ ತೃಪ್ತಿಪಡಿಸುವ ಆವೃತ್ತಿಗಳ ಗುಂಪನ್ನು ಹುಡುಕುವುದು ಎನ್‌ಪಿ-ಕಂಪ್ಲೀಟ್ ವರ್ಗದ, ಅಂದರೆ ಎಲ್ಲ ಸಂದರ್ಭಗಳಲ್ಲೂ ಬೇಗ ಉತ್ತರಿಸುವ ವಿಧಾನವೊಂದು ಇನ್ನೂ ಸಿಗದ ಸಮಸ್ಯೆಯೆಂದು ತೋರಿಸಿದ್ದರು. ಜಾವಾ ಲೋಕದ ಉಪಕರಣಗಳು ಈ ಕಷ್ಟದ ಗೋಜಿಗೆ ಹೋಗದೆ ಸರಳ ನಿಯಮಗಳನ್ನು ಹಿಡಿದವು. 2005ರಲ್ಲಿ ಬಂದ ಮೇವೆನ್ 2, ಅವಲಂಬನೆಯ ಮರದಲ್ಲಿ ಯೋಜನೆಯ ಬೇರಿಗೆ ಹತ್ತಿರವಿರುವ ಆವೃತ್ತಿಯೇ ಗೆಲ್ಲಬೇಕೆಂದು ವಿಧಿಸಿತು. ಇದರಿಂದ ಹಳೆಯ ಆವೃತ್ತಿ ಹೊಸದನ್ನು ಹೊರದೂಡುವ ವಿಚಿತ್ರವೂ ಸಾಧ್ಯವಾಯಿತು. ಅಪಾಚೆ ಐವಿ ಎಲ್ಲಕ್ಕಿಂತ ಹೊಸ ಆವೃತ್ತಿಯನ್ನು ಆರಿಸಿತು. ಎರಡನೆಯದು ಹೆಚ್ಚು ವಿವೇಕದ ನಿಯಮ, ಆದರೆ ಹಳೆಯದರಲ್ಲಿದ್ದದ್ದೆಲ್ಲ ಹೊಸದರಲ್ಲೂ ಇದ್ದೇ ಇರುತ್ತದೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಸ್ಕಾಲಾದ ಮೊದಲ ದಶಕದಲ್ಲಿ ಈ ನಂಬಿಕೆಯೇ ಮತ್ತೆ ಮತ್ತೆ ಹುಸಿಯಾಯಿತು.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್‌ಎಲ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಓಡರ್‌ಸ್ಕಿ ರೂಪಿಸಿದ ಸ್ಕಾಲಾ 2004ರಲ್ಲಿ ಬಳಕೆದಾರರ ಕೈಸೇರಿತು. ಜಾವಾದಲ್ಲಿಲ್ಲದ ಅನೇಕ ರಚನೆಗಳನ್ನು ಜಾವಾದ ಬೈಟ್‌ಕೋಡಿಗೆ ಇಳಿಸುವಾಗ ಅದರ ಕಂಪೈಲರ್ ಹಲವು ಯುಕ್ತಿಗಳನ್ನು ಹೂಡಬೇಕಾಗಿತ್ತು. ಟ್ರೇಟ್ ಎಂಬ ರಚನೆಯನ್ನೇ ನೋಡಬಹುದು: ಹಲವು ಕ್ಲಾಸುಗಳಿಗೆ ಬೆರೆಸಬಹುದಾದ, ಒಡಲುಳ್ಳ ಮೆಥಡುಗಳ ಗುಂಪು ಅದು. 2.12ಕ್ಕಿಂತ ಹಿಂದಿನ ಕಂಪೈಲರ್ ಪ್ರತಿ ಟ್ರೇಟನ್ನು ಒಂದು ಇಂಟರ್‌ಫೇಸ್ ಮತ್ತು ಒಂದು ಸಹಾಯಕ ಕ್ಲಾಸಾಗಿ ಒಡೆದು, ಟ್ರೇಟನ್ನು ಬಳಸುವ ಪ್ರತಿ ಕ್ಲಾಸಿನೊಳಗೂ ಆ ಸಹಾಯಕ ಕ್ಲಾಸಿಗೆ ಕರೆಯನ್ನು ದಾಟಿಸುವ ಪುಟ್ಟ ಮೆಥಡುಗಳನ್ನು ಸೇರಿಸುತ್ತಿತ್ತು. ಲೈಬ್ರರಿಯ ಕರ್ತೃ ಟ್ರೇಟಿಗೆ ಒಂದೇ ಒಂದು ಹೊಸ ಮೆಥಡ್ ಸೇರಿಸಿದರೂ, ಮೊದಲೇ ಕಂಪೈಲ್ ಆದ ಕ್ಲಾಸುಗಳಲ್ಲಿ ಆ ದಾಟುಮೆಥಡ್ ಇರದೆ ಅಬ್‌ಸ್ಟ್ರಾಕ್ಟ್‌ಮೆಥಡ್‌ಎರರ್ ಬರುತ್ತಿತ್ತು. ಮೂಲಕೋಡಿನ ಮಟ್ಟದಲ್ಲಿ ಏನೂ ಕೆಡದಿದ್ದರೂ ಬೈಟ್‌ಕೋಡಿನ ಮಟ್ಟದಲ್ಲಿ ಎಲ್ಲವೂ ಕೆಡಬಹುದಾದ ಈ ಸ್ಥಿತಿಯಿಂದಾಗಿ, ಕಂಪೈಲ್ ಆದ ಕಡತಗಳು ಮರುಕಂಪೈಲ್ ಇಲ್ಲದೆ ಒಂದರೊಡನೊಂದು ಕೂಡಿ ಕೆಲಸ ಮಾಡುವ ಗುಣ, ಅಂದರೆ ಬೈನರಿ ಹೊಂದಾಣಿಕೆ, ಸ್ಕಾಲಾ ಬಳಕೆದಾರರ ನಿತ್ಯದ ಚಿಂತೆಯಾಯಿತು. 2016ರ 2.12 ಆವೃತ್ತಿ ಜಾವಾ 8ರ ಡಿಫಾಲ್ಟ್ ಮೆಥಡುಗಳನ್ನು ಬಳಸಿಕೊಂಡು ಈ ಒಂದು ಗಾಯವನ್ನು ಬಹುಮಟ್ಟಿಗೆ ಮಾಯಿಸಿತು.

ಭಾಷೆಯ ಸ್ಟಾಂಡರ್ಡ್ ಲೈಬ್ರರಿಯೇ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿತ್ತು. ಸಂಗ್ರಹಗಳ ವ್ಯವಸ್ಥೆಯನ್ನು 2010ರ 2.8ರಲ್ಲಿ ಒಮ್ಮೆ, 2019ರ 2.13ರಲ್ಲಿ ಇನ್ನೊಮ್ಮೆ ಹೊಸದಾಗಿ ಕಟ್ಟಲಾಯಿತು. ಒಂದು ಸರಣಿಗಾಗಿ ಕಂಪೈಲ್ ಆದ ಲೈಬ್ರರಿ ಮುಂದಿನ ಸರಣಿಯಲ್ಲಿ ಓಡುವ ಭರವಸೆ ಇರಲಿಲ್ಲ. 2008ರಲ್ಲಿ ಮಾರ್ಕ್ ಹರಾ ಆರಂಭಿಸಿದ ಎಸ್‌ಬಿಟಿ ಎಂಬ ಬಿಲ್ಡ್ ಉಪಕರಣ ಇದಕ್ಕೆ ಕಂಡುಕೊಂಡ ದಾರಿಯೆಂದರೆ, ಸ್ಕಾಲಾ ಆವೃತ್ತಿಯನ್ನು ಲೈಬ್ರರಿಯ ಹೆಸರಿನ ಬಾಲಕ್ಕೇ ಅಂಟಿಸುವುದು. ಅವಲಂಬನೆಯನ್ನು ಬರೆಯುವಾಗ ಎರಡು ಶೇಕಡಾ ಚಿಹ್ನೆಗಳನ್ನು ಇಟ್ಟರೆ ತಕ್ಕ ಬಾಲವಿರುವ ಕಡತವನ್ನು ಎಸ್‌ಬಿಟಿ ತಾನೇ ಹುಡುಕುತ್ತದೆ. ಮೊದಲಿಗೆ ಬಾಲದಲ್ಲಿ 2.9.1ರಂತೆ ಪೂರ್ತಿ ಸಂಖ್ಯೆ ಇರುತ್ತಿತ್ತು. ಒಂದೇ ಸರಣಿಯ ಕಿರು ಆವೃತ್ತಿಗಳು ಪರಸ್ಪರ ಹೊಂದಿಕೊಳ್ಳುವ ಭರವಸೆ ಗಟ್ಟಿಯಾದ ಮೇಲೆ, 2013ರ 2.10ರಿಂದ ಸರಣಿಯ ಸಂಖ್ಯೆಯಷ್ಟೇ ಉಳಿಯಿತು. ಸರಳವೂ ಪರಿಣಾಮಕಾರಿಯೂ ಆದ ಈ ಉಪಾಯಕ್ಕೆ ತೆತ್ತ ಬೆಲೆಯೂ ದೊಡ್ಡದು: ಸರಪಣಿಯ ತಳದಲ್ಲಿರುವ ಒಂದು ಲೈಬ್ರರಿ ಹೊಸ ಸರಣಿಗೆ ಪ್ರಕಟವಾಗುವವರೆಗೆ ಅದರ ಮೇಲಿರುವವರೆಲ್ಲ ಕಾಯಬೇಕಾಗುತ್ತದೆ. ಇದಲ್ಲದೆ ಬಾಲ ಬೇರೆಯಾದೊಡನೆ ಹೆಸರೂ ಬೇರೆಯಾಗುವುದರಿಂದ, ಒಂದೇ ಲೈಬ್ರರಿಯ 2.12 ಮತ್ತು 2.13 ರೂಪಗಳು ಎರಡು ಸ್ವತಂತ್ರ ಲೈಬ್ರರಿಗಳಂತೆ ಒಟ್ಟಿಗೆ ಕ್ಲಾಸ್‌ಪಾತ್‌ಗೆ ನುಸುಳಬಹುದು. ಎಸ್‌ಬಿಟಿ ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಬಿಲ್ಡನ್ನೇ ನಿಲ್ಲಿಸುತ್ತದೆ.

ಆವೃತ್ತಿಗಳ ಆಯ್ಕೆಯನ್ನು ಎಸ್‌ಬಿಟಿ ಐವಿಗೆ ವಹಿಸಿತ್ತು, ಐವಿ ಅದನ್ನು ಸದ್ದಿಲ್ಲದೆ ಮಾಡುತ್ತಿತ್ತು. 2014ರ 0.13.6 ಆವೃತ್ತಿ, ಹಳೆಯ ಆವೃತ್ತಿಯೊಂದು ಹೊರಹೋದಾಗ ಎಚ್ಚರಿಕೆ ನೀಡಲಾರಂಭಿಸಿತು. ಆದರೆ ಯಾವ ಪಲ್ಲಟ ಅಪಾಯಕಾರಿ, ಯಾವುದು ನಿರಪಾಯ ಎಂಬುದನ್ನು ಸಂಖ್ಯೆ ನೋಡಿ ಊಹಿಸುವುದಷ್ಟೇ ಅದಕ್ಕೆ ಸಾಧ್ಯವಿತ್ತು. ಪರದೆ ತುಂಬ ಹರಿಯುವ ಎಚ್ಚರಿಕೆಗಳನ್ನು ಯಾರೂ ಬಹುಕಾಲ ಓದುವುದಿಲ್ಲ. ಆವೃತ್ತಿಯನ್ನು ಬಲವಂತವಾಗಿ ನಿಗದಿಪಡಿಸುವ, ಬೇಡದ ಪರೋಕ್ಷ ಲೈಬ್ರರಿಯನ್ನು ಹೊರಗಿಡುವ ಕೈಮದ್ದುಗಳು ಅಂದೂ ಇದ್ದವು, ಇಂದೂ ಇವೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ, ಮಧ್ಯದ ಲೈಬ್ರರಿಗಳು ಸರಿಹೋಗುವವರೆಗೆ ಕಾಯದೆ ತಳದ ಆವೃತ್ತಿಯನ್ನು ನೇರವಾಗಿ ಮೇಲೇರಿಸಲು ಇವೇ ಆಸರೆಯಾದವು.

ದೊಡ್ಡ ದತ್ತಾಂಶವನ್ನು ಸಂಸ್ಕರಿಸುವ ಅಪಾಚೆ ಸ್ಪಾರ್ಕ್ ಬಳಸುವ ಯೋಜನೆಗಳಲ್ಲಿ ತೊಡಕಿನ ಸ್ವರೂಪವೇ ಬೇರೆ. ಅಲ್ಲಿ ಪ್ರೋಗ್ರಾಂ ಓಡುವುದು ಕ್ಲಸ್ಟರಿನಲ್ಲಿ, ಅಂದರೆ ಒಟ್ಟಾಗಿ ಕೆಲಸ ಮಾಡುವ ಹಲವು ಯಂತ್ರಗಳ ಗುಂಪಿನಲ್ಲಿ. ಕ್ಲಸ್ಟರಿನ ಕ್ಲಾಸ್‌ಪಾತ್‌ನಲ್ಲಿ ಸ್ಪಾರ್ಕ್ ಮತ್ತು ಅದರೊಡನೆ ಬಳಸುವ ಹಡೂಪ್ ವ್ಯವಸ್ಥೆ ತಂದ ಲೈಬ್ರರಿಗಳು ಮೊದಲೇ ಕುಳಿತಿರುತ್ತವೆ. ಹಡೂಪ್ 2ರ ಸರಣಿ ಬಹುಕಾಲ ಗ್ವಾವಾ ಲೈಬ್ರರಿಯ 11.0.2 ಆವೃತ್ತಿಗೆ ಅಂಟಿಕೊಂಡಿದ್ದರಿಂದ, ಬಿಲ್ಡಿನ ಹೊತ್ತಿನಲ್ಲಿ ಎಸ್‌ಬಿಟಿ ಎಷ್ಟೇ ಸರಿಯಾಗಿ ಹೊಸ ಗ್ವಾವಾವನ್ನು ಆರಿಸಿದ್ದರೂ ಓಡುವ ಹೊತ್ತಿಗೆ ಹಳೆಯದೇ ಮೊದಲು ಸಿಗುತ್ತಿತ್ತು. ಇಲ್ಲಿ ನೆರವಿಗೆ ಬಂದದ್ದು ಶೇಡಿಂಗ್ ಎಂಬ ತಂತ್ರ: ಎಲ್ಲ ಲೈಬ್ರರಿಗಳನ್ನೂ ಒಂದೇ ದೊಡ್ಡ ಕಡತವಾಗಿಸುವ ಎಸ್‌ಬಿಟಿ-ಅಸೆಂಬ್ಲಿ ಪ್ಲಗಿನ್, ಬೈಟ್‌ಕೋಡಿನೊಳಗೆ ತಿಕ್ಕಾಟದಲ್ಲಿರುವ ಲೈಬ್ರರಿಯ ಪ್ಯಾಕೇಜಿನ ಹೆಸರನ್ನೂ ಅದನ್ನು ಕರೆಯುವ ಕಡೆಗಳನ್ನೂ ಬದಲಿಸಿ, ಎರಡು ಆವೃತ್ತಿಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಾಳುವಂತೆ ಮಾಡುತ್ತದೆ. ಕ್ಲಾಸಿನ ಹೆಸರನ್ನು ಅಕ್ಷರಸರಣಿಯಾಗಿ ಜೋಡಿಸಿ ಹುಡುಕುವ ಕೋಡ್ ಇದ್ದರೆ ಈ ತಂತ್ರ ಕೈಕೊಡುತ್ತದೆ, ಕಡತದ ಗಾತ್ರವೂ ಉಬ್ಬುತ್ತದೆ. ಬೇರೆಲ್ಲವೂ ಸೋತಾಗಷ್ಟೇ ಹಿಡಿಯಬೇಕಾದ ದಾರಿ ಇದು.

ನಿಜವಾದ ತಿರುವು ಬಂದದ್ದು ಲೈಬ್ರರಿಯನ್ನು ಬಳಸುವವರ ಕಡೆಯಿಂದಲ್ಲ, ಬರೆಯುವವರ ಕಡೆಯಿಂದ. 2011ರಲ್ಲಿ ಓಡರ್‌ಸ್ಕಿ ಮತ್ತು ಸಂಗಡಿಗರು ಸ್ಥಾಪಿಸಿದ, ಮುಂದೆ ಲೈಟ್‌ಬೆಂಡ್ ಎಂಬ ಹೆಸರು ಪಡೆದ ಟೈಪ್‌ಸೇಫ್ ಕಂಪನಿಯಿಂದ ಬಂದ ಮೀಮಾ ಎಂಬ ಉಪಕರಣ, ಪ್ರಕಟವಾದ ಹಳೆಯ ಕಡತವನ್ನೂ ಪ್ರಕಟಿಸಬೇಕೆಂದಿರುವ ಹೊಸದನ್ನೂ ಪಕ್ಕಪಕ್ಕ ಇಟ್ಟು, ಯಾವ ಮೆಥಡ್ ಮಾಯವಾಗಿದೆ, ಯಾವುದರ ರೂಪ ಬದಲಾಗಿದೆ ಎಂದು ಪಟ್ಟಿಮಾಡುತ್ತದೆ. ಹೊಂದಾಣಿಕೆ ಎಂಬುದು ಅಲ್ಲಿಯವರೆಗೆ ಸದಾಶಯದ ಮಾತಾಗಿತ್ತು. ಮೀಮಾ ಅದನ್ನು ಯಂತ್ರ ಪರೀಕ್ಷಿಸಬಲ್ಲ ಸಂಗತಿಯಾಗಿಸಿತು. ಪರೀಕ್ಷಿಸಿದ ಫಲಿತಾಂಶವನ್ನು ಬಳಕೆದಾರರಿಗೆ ತಲುಪಿಸುವ ಕೆಲಸ ಆವೃತ್ತಿ ಸಂಖ್ಯೆಯದ್ದು. ಸೆಮ್ಯಾಂಟಿಕ್ ವರ್ಷನಿಂಗ್ ಪದ್ಧತಿಯಲ್ಲಿ ಮೊದಲ ಸಂಖ್ಯೆ ಏರಿದರೆ ಹೊಂದಾಣಿಕೆ ಮುರಿದಿದೆಯೆಂದು ಅರ್ಥ, ಆದರೆ ಸೊನ್ನೆಯಿಂದ ಆರಂಭವಾಗುವ ಆವೃತ್ತಿಗಳಿಗೆ ಯಾವ ಕಟ್ಟುಪಾಡೂ ಇಲ್ಲ. ಸ್ಕಾಲಾದಲ್ಲಿ ಸೊನ್ನೆಯಲ್ಲೇ ವರ್ಷಗಟ್ಟಲೆ ಉಳಿಯುವ ಲೈಬ್ರರಿಗಳು ಅನೇಕವಿರುವುದರಿಂದ, 0.5.1 ಮತ್ತು 0.5.2ರ ನಡುವೆಯೂ ಹೊಂದಾಣಿಕೆ ಕಾಯುವ ಅರ್ಲಿ ಸೆಮ್‌ವರ್ ಎಂಬ ಬಿಗಿಯಾದ ರೂಪ ರೂಢಿಗೆ ಬಂತು. ಲೈಬ್ರರಿ ಯಾವ ಪದ್ಧತಿಯನ್ನು ಪಾಲಿಸುತ್ತದೆಂದು ಅದರ ಜೊತೆಗೇ ಘೋಷಿಸುವ ಸೌಲಭ್ಯವನ್ನು 2020ರ ಎಸ್‌ಬಿಟಿ 1.4 ಒದಗಿಸಿತು. 2021ರ 1.5 ಇನ್ನೊಂದು ಹೆಜ್ಜೆ ಮುಂದಿಟ್ಟು, ಘೋಷಿತ ಪದ್ಧತಿಯ ಪ್ರಕಾರ ಹೊಂದದ ಆವೃತ್ತಿ ಆಯ್ಕೆಯಾದರೆ ಎಚ್ಚರಿಕೆಯ ಬದಲು ದೋಷವನ್ನೇ ಎತ್ತಿತು.

ಈ ಬಿಗಿತದ ಮಿತಿ ಬೇಗನೆ ತಿಳಿದುಬಂತು. 2014ರ 2.11ರಲ್ಲಿ ಸ್ಟಾಂಡರ್ಡ್ ಲೈಬ್ರರಿಯಿಂದ ಬೇರ್ಪಟ್ಟಿದ್ದ ಸ್ಕಾಲಾ-ಎಕ್ಸ್‌ಎಂಎಲ್, ಮುಂದೆ 1ರಿಂದ 2ಕ್ಕೆ ಏರಿದಾಗ, ಒಂದೇ ಕ್ಲಾಸ್‌ಪಾತ್ ಹಂಚಿಕೊಳ್ಳುವ ಎಸ್‌ಬಿಟಿ ಪ್ಲಗಿನ್‌ಗಳಲ್ಲಿ ಕೆಲವು ಹಳೆಯದನ್ನೂ ಕೆಲವು ಹೊಸದನ್ನೂ ಬೇಡಿ ಅನೇಕ ಬಿಲ್ಡ್‌ಗಳು ನಿಂತುಹೋದವು. ಈ ಲೈಬ್ರರಿಯ ಮಟ್ಟಿಗೆ ಎಲ್ಲ ಆವೃತ್ತಿಗಳೂ ಹೊಂದುತ್ತವೆಂದು ಬಿಲ್ಡ್ ಕಡತದಲ್ಲಿ ಒಂದು ಸಾಲು ಬರೆದು ಜನ ಮುಂದೆ ಸಾಗಿದರು. ಮೊದಲ ಸಂಖ್ಯೆ ಇಡೀ ಲೈಬ್ರರಿಯ ಬಗ್ಗೆ ಮಾತಾಡುತ್ತದೆ. ಬಳಕೆದಾರನಿಗೆ ಬೇಕಾದ ನಾಲ್ಕು ಮೆಥಡುಗಳು ಹಾಗೆಯೇ ಇವೆಯೇ ಎಂಬುದನ್ನು ಅದು ಹೇಳಲಾರದು.

ಇದೇ ಅವಧಿಯಲ್ಲಿ ಐವಿಯ ಸ್ಥಾನಕ್ಕೆ ಅಲೆಕ್ಸಾಂಡ್ರ್ ಆರ್ಶಾಂಬೋ 2015ರಲ್ಲಿ ಆರಂಭಿಸಿದ ಕೂರ್ಸಿಯೇ ಎಂಬ ಉಪಕರಣ ಬಂದು, 2019ರ ಎಸ್‌ಬಿಟಿ 1.3ರಿಂದ ಸಹಜ ಆಯ್ಕೆಯಾಯಿತು. ಕಡತಗಳನ್ನು ಸಮಾನಾಂತರವಾಗಿ ಇಳಿಸಿಕೊಳ್ಳುವ ಅದರ ವೇಗ ದಿನನಿತ್ಯದ ಕೆಲಸವನ್ನು ಹಗುರಾಗಿಸಿತು, ಮಿಲ್ ಮತ್ತು ಸ್ಕಾಲಾ ಸಿಎಲ್‌ಐ ಉಪಕರಣಗಳೂ ಅದನ್ನೇ ಬಳಸುತ್ತವೆ. ಆದರೆ ಹೊಸದೇ ಗೆಲ್ಲಬೇಕೆಂಬ ಮೂಲ ನಿಯಮ ಮಾತ್ರ ಬದಲಾಗಲಿಲ್ಲ.

2021ರ ಮೇ ತಿಂಗಳಲ್ಲಿ ಬಂದ ಸ್ಕಾಲಾ 3 ಬೇರೊಂದು ತಳಹದಿಯನ್ನು ಹಾಕಿತು. ಅದರ ಕಂಪೈಲರ್ ಬೈಟ್‌ಕೋಡಿನ ಜೊತೆಗೆ ಟೇಸ್ಟಿ ಎಂಬ, ಮೂಲಕೋಡಿನ ರಚನೆಯನ್ನೂ ಟೈಪುಗಳನ್ನೂ ಪೂರ್ತಿಯಾಗಿ ದಾಖಲಿಸುವ ಕಡತವನ್ನು ಉಳಿಸುತ್ತದೆ. 2.13ರ ಸ್ಟಾಂಡರ್ಡ್ ಲೈಬ್ರರಿಯನ್ನೇ ಸ್ಕಾಲಾ 3 ಆರಂಭದಲ್ಲಿ ಹಂಚಿಕೊಂಡದ್ದರಿಂದ, ಮತ್ತು ಟೇಸ್ಟಿಯನ್ನು ಓದುವ ಶಕ್ತಿ 2.13.4ಕ್ಕೆ ಬಂದದ್ದರಿಂದ, ಮ್ಯಾಕ್ರೋಗಳನ್ನು ಬಿಟ್ಟರೆ ಎರಡೂ ಕಡೆಯ ಲೈಬ್ರರಿಗಳನ್ನು ಬೆರೆಸಿ ಬಳಸಲು ಸಾಧ್ಯವಾಯಿತು. ಹಾಗೆ ಬೆರೆಸುವಾಗ ಒಂದೇ ಲೈಬ್ರರಿಯ ಎರಡು ಬಾಲಗಳು ಒಟ್ಟಿಗೆ ಬರದಂತೆ ನೋಡಿಕೊಳ್ಳಬೇಕಾದ ಹಳೆಯ ಹೊಣೆ ಉಳಿದೇ ಇದೆ. ಸ್ಕಾಲಾ 3ರ ಸರಣಿಯಲ್ಲಿ ಹಳೆಯ ಆವೃತ್ತಿಯಲ್ಲಿ ಕಂಪೈಲ್ ಆದದ್ದನ್ನು ಹೊಸದು ಓದಬಲ್ಲದು, ತಿರುಗಾಮುರುಗಾ ಸಾಧ್ಯವಿಲ್ಲ, 3.4ರಲ್ಲಿ ಪ್ರಕಟವಾದ ಲೈಬ್ರರಿಯನ್ನು 3.3ರಲ್ಲಿರುವ ಯೋಜನೆ ಬಳಸಲಾಗದು. ಈ ಕಾರಣದಿಂದಲೇ 2023ರಲ್ಲಿ 3.3 ಅನ್ನು ದೀರ್ಘಕಾಲ ಬೆಂಬಲ ಪಡೆಯುವ ಸರಣಿಯೆಂದು ಸಾರಿ, ಲೈಬ್ರರಿಗಳ ಕರ್ತೃಗಳು ಅದರಲ್ಲೇ ಪ್ರಕಟಿಸಬೇಕೆಂದು ಸಲಹೆ ನೀಡಲಾಯಿತು.

ಇಷ್ಟೆಲ್ಲ ಆದ ಮೇಲೂ ರಕ್ಷಣೆ ಸಿಗುವುದು ಪದ್ಧತಿಯನ್ನು ಘೋಷಿಸಿದ ಲೈಬ್ರರಿಗಳಿಗೆ ಮಾತ್ರ. ಸ್ಕಾಲಾ ಯೋಜನೆಗಳು ನೆಚ್ಚಿಕೊಂಡಿರುವ ಗ್ವಾವಾ, ಜಾಕ್ಸನ್, ನೆಟ್ಟಿಯಂತಹ ಜಾವಾ ಲೈಬ್ರರಿಗಳು ಎಸ್‌ಬಿಟಿಯಿಂದ ಹೊರಗೆ ಬಿಲ್ಡ್ ಆಗಿ ಪ್ರಕಟವಾಗುವುದರಿಂದ ಅವುಗಳಲ್ಲಿ ಈ ಘೋಷಣೆ ಇರುವುದಿಲ್ಲ. ಘೋಷಣೆ ಇಲ್ಲದೆಡೆ ಎಸ್‌ಬಿಟಿ ತನ್ನ ಸಹಜ ಸ್ಥಿತಿಯಲ್ಲಿ ಎಲ್ಲ ಆವೃತ್ತಿಗಳೂ ಹೊಂದುತ್ತವೆಂದು ಭಾವಿಸುತ್ತದೆ, ಮತ್ತು ಐವಿಯ ಕಾಲದಂತೆಯೇ ಏನೂ ಹೇಳದೆ ಹೊಸದನ್ನು ಆರಿಸುತ್ತದೆ.