ದೊಡ್ಡಪ್ಪನ ಶುಗರ್ ಮತ್ತು ಎರಡು ಫೈಲು

ಹೋದ ಸಲ ಬೂಕನಕೆರೆಗೆ ಹೋದಾಗ ದೊಡ್ಡಪ್ಪ ಭಾರೀ ಖುಷಿಯಾಗಿದ್ರು. "ಇಪ್ಪತ್ತು ವರ್ಷದ ಸಕ್ಕರೆ ಕಾಯ್ಲೆ ವಾಸಿಯಾಗೋಯ್ತು ಕನ್ಲಾ! ಡಯಾಲಿಸಿಸ್ ಶುರುವಾದ್ಮೇಲೆ ಶುಗರ್ ಏರ್ತಾನೇ ಇಲ್ಲ" ಅಂದ್ರು. ಅವತ್ತೇ ರಾತ್ರಿ ಮೈಯೆಲ್ಲ ಬೆವರಿ ಮಾತು ತೊದಲತೊಡಗಿತು. ಮೀಟರಿನಲ್ಲಿ 48. ಪುಣ್ಯಕ್ಕೆ ಪ್ರಜ್ಞೆ ಇತ್ತು, ದೊಡ್ಡಮ್ಮ ಬೆಲ್ಲದ ನೀರು ಕುಡಿಸಿದ್ರು.

ಕೋಡು ಬರೆಯೋ ನನಗೆ ವೈದ್ಯ ಗೊತ್ತಿಲ್ಲ. ಆದ್ರೆ ಬಗ್ ಕಂಡ್ರೆ ಬಿಡೋ ಜಾಯಮಾನವೂ ಅಲ್ಲ. ಹಳೇ ಕಥೆ ಕೆದಕುತ್ತಾ ಕೂತೆ.

ಡಯಾಲಿಸಿಸ್ ಯಂತ್ರ ಮಾಡಿದ್ದು ಹಾಲೆಂಡಿನ ವಿಲ್ಲೆಮ್ ಕೋಲ್ಫ್, 1943ರಲ್ಲಿ, ಯುದ್ಧದ ನಡುವೆ. ಅದರಿಂದ ಮೊದಲ ರೋಗಿ ಬದುಕಿದ್ದು 1945ರಲ್ಲಿ. ಮತ್ತೆ ಮತ್ತೆ ಡಯಾಲಿಸಿಸ್ ಮಾಡುವಂಥ ಕೊಳವೆಯನ್ನು ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ತಂದರು. 1962ರಲ್ಲಿ ಅಲ್ಲೊಂದು ಕೇಂದ್ರ ಶುರುವಾಯ್ತು. ಹಾಸಿಗೆ ಕೆಲವೇ, ರೋಗಿಗಳು ನೂರಾರು. ಯಾರಿಗೆ ಕೊಡೋದು ಅಂತ ಊರಿನ ಸಾಮಾನ್ಯ ಜನರ ಸಮಿತಿ ತೀರ್ಮಾನಿಸುತ್ತಿತ್ತು! ಅದಕ್ಕೂ ಮುಂಚೆ ವೈದ್ಯರ ಜರಡಿ. ಸಕ್ಕರೆ ಕಾಯಿಲೆಯವರು ಸಾಮಾನ್ಯವಾಗಿ ಆ ಜರಡಿಯಲ್ಲೇ ಹೊರಗೆ. ರಕ್ತನಾಳ, ಕಣ್ಣು ಎಲ್ಲ ಹಾಳಾಗಿರುತ್ತೆ, ಹೆಚ್ಚು ದಿನ ಬದುಕಲ್ಲ ಅನ್ನೋದು ಕಾರಣ. ಆ ಲೆಕ್ಕದಲ್ಲಿ ನಮ್ಮ ದೊಡ್ಡಪ್ಪನಿಗೆ ಅರ್ಜಿ ಹಾಕೋ ಅವಕಾಶವೂ ಸಿಗ್ತಿರಲಿಲ್ಲ.

1972ರಲ್ಲಿ ಅಮೆರಿಕದಲ್ಲಿ ಖರ್ಚನ್ನು ಸರ್ಕಾರವೇ ವಹಿಸುವ ಕಾನೂನು ಬಂತು, ಬಾಗಿಲು ನಿಧಾನಕ್ಕೆ ತೆರೀತು. ನಮ್ಮಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ಇವತ್ತು ಡಯಾಲಿಸಿಸ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರದ್ದೇ ದೊಡ್ಡ ಪಾಲು.

ಒಳಗೇನೋ ಬಿಟ್ಟುಕೊಂಡರು. ಆದ್ರೆ ಶುಗರ್ ನೋಡೋರು ಯಾರು? ದೊಡ್ಡಪ್ಪನ ಸಕ್ಕರೆ ಚೀಟಿ ಒಂದು ಕಡೆ, ಕಿಡ್ನಿ ಫೈಲು ಇನ್ನೊಂದು ಕಡೆ. ಎರಡೂ ಒಂದನ್ನೊಂದು ನೋಡಿರಲೇ ಇಲ್ಲ. ಇನ್ಸುಲಿನ್ನನ್ನು ದೇಹದಿಂದ ತೆಗೆಯೋ ಕೆಲಸದಲ್ಲಿ ಕಿಡ್ನಿಗೂ ದೊಡ್ಡ ಪಾಲಿದೆ. ಕಿಡ್ನಿ ಕೈಕೊಟ್ಟರೆ ಚುಚ್ಚಿಕೊಂಡ ಇನ್ಸುಲಿನ್ ಹೆಚ್ಚು ಹೊತ್ತು ಒಳಗೇ ಇರುತ್ತೆ. ಜೊತೆಗೆ ಊಟ ಸೇರಲ್ಲ. ಶುಗರ್ ಇಳಿಯೋದು ಅದಕ್ಕೇ, ಕಾಯಿಲೆ ವಾಸಿಯಾಗಿ ಅಲ್ಲ. ಡೋಸು ಮಾತ್ರ ಹಳೇದೇ ನಡೀತಿತ್ತು.

ಇನ್ನೊಂದು ಮೋಸ ಇದೆ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆಯ ಮೂಲ ಇರಾನಿನ ಸ್ಯಾಮುಯೆಲ್ ರಹಬರ್ 1960ರ ದಶಕದ ಕೊನೆಗೆ ಕಂಡುಹಿಡಿದದ್ದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ ಅನ್ನೋದರ ಮೇಲೆ ಅದು ನಿಂತಿದೆ. ಡಯಾಲಿಸಿಸ್‌ನವರಲ್ಲಿ ಕಣಗಳು ಬೇಗ ಸಾಯ್ತವೆ, ರಕ್ತ ಹೆಚ್ಚಿಸೋ ಇಂಜೆಕ್ಷನ್ ಹೊಸ ಕಣ ತರುತ್ತೆ. ಹಳೇ ಲಾಗ್ ಅಳಿಸಿಹೋದ ಮೇಲೆ ಸರಾಸರಿ ತೆಗೆದ ಹಾಗೆ! ಎಷ್ಟೋ ಸಲ ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಈ ಪರೀಕ್ಷೆ ಡಯಾಲಿಸಿಸ್‌ನವರಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ ಅಂತ ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಹೇಳುತ್ತೆ.

ದೊಡ್ಡಮ್ಮ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಮೀಟರಿನ ಅಂಕಿ ಬರೆದಿಟ್ರು. ಮುಂದಿನ ಡಯಾಲಿಸಿಸ್ ದಿನ ಅದನ್ನೂ ಎರಡು ಫೈಲನ್ನೂ ಒಟ್ಟಿಗೇ ವೈದ್ಯರ ಮುಂದಿಟ್ಟೆವು. ಇನ್ಸುಲಿನ್ ಕಡಿಮೆಯಾಯ್ತು.

ವಾಪಸ್ ಬರುವಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ವಾಸಿಯಾಗಿಲ್ವೇನ್ಲಾ?" ಅಂದ್ರು.