ಹೆಬ್ಬೆಟ್ಟು ಮತ್ತು ಕರೆಂಟು

ನಮ್ಮ ಕೇರಿಗಳಿಗೆ ಕಾಗದ ಅಂದರೆ ಭಯ. ನಮ್ಮ ತಾತಂದಿರು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು, ಮಕ್ಕಳನ್ನು ಜೀತಕ್ಕೆ ಬಿಟ್ಟರು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಕಾಗದದ ಭಯ ಮಾತ್ರ ರದ್ದಾಗಲಿಲ್ಲ. ಈಗ ಅದು ಮನೋರೋಗದ ವಾರ್ಡಿನಲ್ಲೂ ಎದುರಾಗುತ್ತಿದೆ. 'ಎರಡು ಥರದ ಮಾತ್ರೆ ಕೊಟ್ಟು ನೋಡಿದ್ವಿ, ಖಿನ್ನತೆ ಬಗ್ಗಲಿಲ್ಲ. ಇಸಿಟಿ ಕೊಡೋಣ, ಇಲ್ಲಿ ಸೈನ್ ಹಾಕಿ' ಅಂತಾರೆ ಡಾಕ್ಟರು. ಊರಿನ ಭಾಷೆಯಲ್ಲಿ ಹೇಳೋದಾದರೆ, ತಲೆಗೆ ಕರೆಂಟು ಕೊಡೋದು. ಮನೆಯವರು ಆಗ ಕೇರಿಯಲ್ಲಿ ನಾಲ್ಕಕ್ಷರ ಕಲಿತ ನಮ್ಮಂಥವರ ಮುಖ ನೋಡುತ್ತಾರೆ.

ಏನು ಹೇಳೋಣ? ಹೂಂ ಅನ್ನೋದೂ ಸುಲಭ, ಊಹೂಂ ಅನ್ನೋದೂ ಸುಲಭ. ಎರಡಕ್ಕೂ ಮುಂಚೆ ಈ ಕರೆಂಟಿನ ಚರಿತ್ರೆ ನಮಗೆ ಗೊತ್ತಿರಬೇಕು.

1934ರಲ್ಲಿ ಬುಡಾಪೆಸ್ಟಿನ ಮೆಡುನಾ ಎಂಬ ವೈದ್ಯ ರೋಗಿಗಳಿಗೆ ಕರ್ಪೂರದ ಚುಚ್ಚುಮದ್ದು ಕೊಟ್ಟು ಫಿಟ್ಸ್ ಬರಿಸಿದ. ಫಿಟ್ಸ್ ಬಂದರೆ ಬುದ್ಧಿವಿಕಲ್ಪ ತೊಲಗುತ್ತದೆ ಎಂಬುದು ಅವನ ಎಣಿಕೆ. ರೋಮಿನ ಚೆರ್ಲೆಟ್ಟಿ ಮತ್ತು ಬಿನಿ ಇದನ್ನೇ ವಿದ್ಯುತ್ತಿನಿಂದ ಮಾಡಲು ಹೊರಟರು. ಕರೆಂಟು ಹಾಯಿಸಿದರೆ ಜೀವ ಉಳಿಯುತ್ತದೋ ಇಲ್ಲವೋ? ಆ ಅಳುಕಿನಲ್ಲಿದ್ದ ಚೆರ್ಲೆಟ್ಟಿ ಕಸಾಯಿಖಾನೆಗೆ ಹೋಗಿ ನೋಡಿದ. ಅಲ್ಲಿ ಕರೆಂಟಿನಿಂದ ಹಂದಿ ಸಾಯುತ್ತಿರಲಿಲ್ಲ, ಪ್ರಜ್ಞೆ ತಪ್ಪುತ್ತಿತ್ತು. ಸಾಯುತ್ತಿದ್ದುದು ಆಮೇಲೆ ಕತ್ತಿಯಿಂದ. 1938ರ ಏಪ್ರಿಲಿನಲ್ಲಿ ಮೊದಲ ಮನುಷ್ಯ ಸಿಕ್ಕಿದ. ರೈಲ್ವೆ ನಿಲ್ದಾಣದಲ್ಲಿ ಅಲೆಯುತ್ತಿದ್ದವನನ್ನು ಪೊಲೀಸರು ತಂದು ಒಪ್ಪಿಸಿದ್ದರು. ಮುಸ್ಸೋಲಿನಿಯ ಕಾಲ. ಮೊದಲ ಕರೆಂಟಿಗೆ ಫಿಟ್ಸ್ ಬರಲಿಲ್ಲ. ಇನ್ನೊಂದು ಸಲ ಬೇಡ ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ಸ್ವತಃ ಚೆರ್ಲೆಟ್ಟಿಯೇ ಬರೆದಿದ್ದಾನೆ. ಆದರೂ ಕೊಟ್ಟರು. ಹಲವು ಸಲ ಕೊಟ್ಟ ಮೇಲೆ ಅವನು ಸುಧಾರಿಸಿ ಮನೆಗೆ ಹೋದ ಅನ್ನೋದೂ ನಿಜವೇ. ಗುಣವೂ ಬಲವಂತವೂ ಒಂದೇ ದಿನ ಹುಟ್ಟಿದವು. ಈ ಚಿಕಿತ್ಸೆಯ ಮೂಲದ ಗಂಟು ಇದು.

ಇಲ್ಲಿ ನಾವು ಫ್ರಾಂಟ್ಜ್ ಫ್ಯಾನನ್ ಅವರನ್ನು ನೆನೆಯಬೇಕು. ಕರಿಯರ ಬಿಡುಗಡೆಯ ಚಿಂತಕನೆಂದು ನಾವು ಓದುವ ಫ್ಯಾನನ್ ಮನೋವೈದ್ಯರು. ಫ್ರಾನ್ಸಿನ ಸೇಂಟ್ ಆಲ್ಬನ್ ಆಸ್ಪತ್ರೆಯಲ್ಲಿ ತಾವೇ ಈ ಚಿಕಿತ್ಸೆ ಬಳಸಿದವರು, 1953ರಲ್ಲಿ ಅದರ ಮೇಲೆ ಪ್ರಬಂಧ ಬರೆದವರು. ಅದೇ ವರ್ಷ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಹೋದರು. ಅಲ್ಲಿ ಫ್ರೆಂಚ್ ಸೇನೆ ಬಂಡಾಯಗಾರರ ಮೈಗೆ ಕರೆಂಟು ಕೊಟ್ಟು ಬಾಯಿ ಬಿಡಿಸುತ್ತಿತ್ತು. ಹಾಗೆ ಹಿಂಸೆ ತಿಂದು ಬಂದವರು ದೀಪದ ಸ್ವಿಚ್ಚು ಮುಟ್ಟಲೂ ರೇಡಿಯೋ ಹಚ್ಚಲೂ ಹೆದರುತ್ತಿದ್ದರು. ಅವರ ಮುಂದೆ ಕರೆಂಟಿನ ಚಿಕಿತ್ಸೆಯ ಮಾತೆತ್ತುವುದೂ ವೈದ್ಯನಿಗೆ ಅಸಾಧ್ಯವಾಗಿತ್ತೆಂದು 1961ರ ತಮ್ಮ ಪುಸ್ತಕದಲ್ಲಿ ಫ್ಯಾನನ್ ದಾಖಲಿಸಿದ್ದಾರೆ. ಔಷಧವನ್ನು ಹಿಂಸೆಯಿಂದ ಬೇರೆ ಮಾಡೋದು ಯಂತ್ರವಲ್ಲ. ಸ್ವಿಚ್ಚಿನ ಮೇಲೆ ಯಾರ ಕೈ ಇದೆ, ಮಲಗಿದವನ ಮಾತಿಗೆ ಬೆಲೆ ಇದೆಯೋ ಇಲ್ಲವೋ ಅನ್ನೋದು.

ಬಿಳಿಯರ ನಾಡಿನ ಬಡರೋಗಿಗೂ ಆ ಬೆಲೆ ಬೇಗ ಸಿಗಲಿಲ್ಲ. 1954ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಬೋಲಮ್ ಎಂಬ ಖಿನ್ನತೆಯ ರೋಗಿಗೆ ಸ್ನಾಯು ಸಡಿಲಿಸುವ ಮದ್ದಿಲ್ಲದೆ ಕರೆಂಟು ಕೊಟ್ಟರು. ಸೆಟೆದ ರಭಸಕ್ಕೆ ಸೊಂಟದ ಕೀಲು ಮುರಿಯಿತು. ಇಂಥ ಅಪಾಯ ಉಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ. 1957ರಲ್ಲಿ ಕೋರ್ಟು ಆಸ್ಪತ್ರೆಯ ಪರ ನಿಂತಿತು. ಜವಾಬ್ದಾರಿಯುತ ವೈದ್ಯರ ಒಂದು ಬಳಗ ಒಪ್ಪುವ ಕ್ರಮವಾದರೆ ತಪ್ಪಿಲ್ಲ ಅಂದಿತು. ಅಂದರೆ ಪಂಚಾಯ್ತಿ ಸೇರಿದ ಪಂಚರೂ ಅವರೇ, ಆರೋಪಿಗಳೂ ಅವರೇ! ಅಪಾಯ ತಿಳಿಸೋದು ಡಾಕ್ಟರ ಮರ್ಜಿಯಲ್ಲ, ತಿಳಿಯೋದು ರೋಗಿಯ ಹಕ್ಕು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಲು 2015 ಬರಬೇಕಾಯಿತು.

ನಮ್ಮ ನಾಡಿಗೆ ಬರೋಣ. 1982ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಗಂಗಾಧರ್, ಕಪೂರ್, ಕಲ್ಯಾಣಸುಂದರಂ ಅವರು ಇಸಿಟಿಯನ್ನೂ ಇಮಿಪ್ರಮಿನ್ ಮಾತ್ರೆಯನ್ನೂ ತಕ್ಕಡಿಗೆ ಹಾಕಿ ತೂಗಿದ ಅಧ್ಯಯನ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಬಂತು. ವಿದ್ಯೆ ಇಲ್ಲೂ ಇತ್ತು. ಆದರೆ ಅರಿವಳಿಕೆ ವೈದ್ಯರಿಲ್ಲದ ಎಷ್ಟೋ ಆಸ್ಪತ್ರೆಗಳಲ್ಲಿ ನಾಲ್ಕು ಜನ ಕೈಕಾಲು ಅದುಮಿ ಹಿಡಿದು ಕರೆಂಟು ಕೊಡೋದು ದಶಕಗಟ್ಟಲೆ ನಡೆಯಿತು. ದುಡ್ಡಿದ್ದವರಿಗೆ ಅರಿವಳಿಕೆ, ಇಲ್ಲದವರಿಗೆ ಅದುಮುವ ಕೈಗಳು. ಆಸ್ಪತ್ರೆ ಮುಟ್ಟಲಾರದವರು ಗಾಳಿ ಮೆಟ್ಟಿದೆ ಎಂದು ದರ್ಗಾ, ಗುಡಿ ಸೇರಿದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಜನ ಬೆಂಕಿಯಲ್ಲಿ ಬೆಂದರು. ಅದೇ ವರ್ಷ ಸಾರ್ಥಕ್ ಎಂಬ ಸಂಸ್ಥೆ ಅರಿವಳಿಕೆಯಿಲ್ಲದ ಇಸಿಟಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಮು ಅದನ್ನು ನಿಷೇಧಿಸಿತು. ತುರ್ತು ಚಿಕಿತ್ಸೆಯ ನೆಪದಲ್ಲಿ ಇಸಿಟಿ ಕೊಡುವ ಹಾಗಿಲ್ಲ. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆಯ ಜೊತೆ ಮಂಡಳಿಯ ಅನುಮತಿಯೂ ಬೇಕು. ಚಿಕಿತ್ಸೆಯ ಹಕ್ಕಿನಲ್ಲಿ ಜಾತಿಯ ಭೇದ ಕೂಡದು ಎಂದೂ ಆ ಕಾಯ್ದೆ ಬರೆದಿಟ್ಟಿದೆ.

ಹಾಗಾದರೆ ಈಗ ಕೊಡಿಸಬೇಕೋ ಬೇಡವೋ?

ಈಗಿನ ಕ್ರಮದಲ್ಲಿ ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು, ನಿದ್ದೆ ಬರಿಸಿ, ಸ್ನಾಯು ಸಡಿಲಿಸಿ, ಆಮ್ಲಜನಕ ಕೊಟ್ಟು, ಕೆಲವೇ ಸೆಕೆಂಡು ಕರೆಂಟು ಹಾಯಿಸುತ್ತಾರೆ. ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ಫಿಟ್ಸ್. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ ಆರರಿಂದ ಹನ್ನೆರಡು ಸಲ. ಅರಿವಳಿಕೆ ಮಾತ್ರ ಕೊಟ್ಟು ಕರೆಂಟು ಕೊಡದೆ ಬಿಟ್ಟವರಿಗಿಂತ ನಿಜವಾಗಿ ಕರೆಂಟು ಪಡೆದವರು ಹೆಚ್ಚು ಚೇತರಿಸಿಕೊಂಡರೆಂದು ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ 2003ರ ಪರಿಶೀಲನೆ ಹೇಳಿತು. ಅನ್ನ ನೀರು ಬಿಟ್ಟು ಮಲಗಿದವರಿಗೆ, ಸಾವಿನ ಧ್ಯಾನದಲ್ಲೇ ಇರುವವರಿಗೆ, ತಿಂಗಳುಗಟ್ಟಲೆ ಮಾತ್ರೆಯ ದಾರಿ ಕಾಯಲು ಪುರುಸೊತ್ತಿಲ್ಲ. ಅಲ್ಲಿ ಇದು ಜೀವ ಉಳಿಸುತ್ತದೆ. ಸಿನಿಮಾ ನೋಡಿ ಹೆದರಿ ಬೇಡ ಅನ್ನೋದು ಕ್ರಾಂತಿಯಲ್ಲ.

ಆದರೆ ಕೆಲವರು ಹೇಳುವ ಹಾಗೆ ಪವಾಡವೂ ಅಲ್ಲ. 2001ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಇಸಿಟಿಯಿಂದ ಗುಣವಾದವರಿಗೆ ಮುಂದೆ ಬರೀ ಹುಸಿಮಾತ್ರೆ ಕೊಟ್ಟಾಗ ಆರು ತಿಂಗಳೊಳಗೆ ನೂರಕ್ಕೆ 84 ಮಂದಿಗೆ ರೋಗ ಮರಳಿತು. ಎರಡು ಔಷಧ ಜೋಡಿಸಿ ಕೊಟ್ಟವರಲ್ಲಿ 39. ಅಂದರೆ ಕರೆಂಟು ಮುಗಿದ ಮೇಲೂ ಚಿಕಿತ್ಸೆ ಮುಗಿಯೋಲ್ಲ. 2023ರಲ್ಲಿ ಭ್ರಮೆಗಳಿಲ್ಲದ ಹಟಮಾರಿ ಖಿನ್ನತೆಯವರಲ್ಲಿ ಕೆಟಮಿನ್ ಮದ್ದಿಗೆ ನೂರಕ್ಕೆ 55, ಇಸಿಟಿಗೆ 41 ಮಂದಿ ಸ್ಪಂದಿಸಿದರೆಂದು ಅಮೆರಿಕದಿಂದಲೇ ವರದಿ ಬಂತು. ಬೇರೆ ದಾರಿ ಇದೆಯೇ ಎಂದು ಕೇಳಲು ನಮಗೆ ಆಧಾರ ಇದೆ.

ಇನ್ನು ನೆನಪಿನ ಮಾತು. ಚಿಕಿತ್ಸೆ ಪಡೆದವರನ್ನೇ ಕೇಳಿದ ಅಧ್ಯಯನಗಳನ್ನು ಒಟ್ಟುಮಾಡಿದಾಗ ಕನಿಷ್ಠ ಮೂರರಲ್ಲಿ ಒಬ್ಬರು ನೆನಪು ಹೋದದ್ದು ತಿರುಗಿ ಬರಲಿಲ್ಲ ಅಂದರು. ಇದೂ 2003ರದ್ದೇ. ಡೈರಿ, ಫೋಟೋ, ಪತ್ರಗಳಿರುವ ಮನೆಗೆ ಇದು ಒಂದು ನಷ್ಟ. ನಮಗೆ? ನಮ್ಮವರ ಹಾಡು, ಯಾರಿಗೆ ಎಷ್ಟು ಕೊಟ್ಟೆವೆಂಬ ಲೆಕ್ಕ, ಹೊಲದ ಗಡಿ, ಸತ್ತವರ ಹೆಸರು ಎಲ್ಲ ತಲೆಯಲ್ಲೇ ಇರೋದು. ನಮಗೆ ನೆನಪೇ ಕಡತ. ಈ ನಷ್ಟವನ್ನು ಫಾರಮ್ಮಿನ ಕೊನೆಯ ಸಾಲಿನಲ್ಲಿ ಬಚ್ಚಿಡಬಾರದು. ತಲೆಯ ಒಂದೇ ಕಡೆಗೆ ಕೊಡುವ ವಿಧಾನದಲ್ಲಿ, ಸಣ್ಣ ಸಣ್ಣ ಮಿಡಿತಗಳಾಗಿ ಹಾಯಿಸುವ ವಿಧಾನದಲ್ಲಿ ನೆನಪಿಗೆ ಪೆಟ್ಟು ಕಡಿಮೆ. ಅದು ಇಲ್ಲಿ ಸಿಗುತ್ತದೆಯೇ ಎಂದು ಕೇಳೋಣ.

ಇಷ್ಟಾದ ಮೇಲೂ ತೀರ್ಮಾನ ನಮ್ಮದಲ್ಲ, ಮಲಗಿದವರದ್ದು. ನಮ್ಮ ಕೆಲಸ ಬೇರೆ. ಒಪ್ಪಿಗೆಯ ಫಾರಂ ಕನ್ನಡದಲ್ಲಿ ಕೇಳಬೇಕು. ರೋಗಿಗೆ ಕೇಳಿಸುವಂತೆ ಸಾಲು ಸಾಲು ಓದಬೇಕು. ಒಪ್ಪಿದ ಮೇಲೂ ನಡುವೆ ಬೇಡ ಅನ್ನಬಹುದು ಎಂದು ತಿಳಿಸಬೇಕು. ಅರಿವಳಿಕೆ ವೈದ್ಯರು ಇದ್ದಾರೆಯೇ ಎಂದು ವಿಚಾರಿಸಬೇಕು. ನಾಲ್ಕಾರು ವಾರ ಕೂಲಿ ತಪ್ಪುವ ಮನೆಗೆ ಅಕ್ಕಿ ಯಾರು ಕೊಡುತ್ತಾರೆ, ಜೊತೆಗೆ ಯಾರು ಕೂರುತ್ತಾರೆ ಎಂಬುದನ್ನು ಸಂಘಟನೆ ಮುಂಚೆಯೇ ಗೊತ್ತುಮಾಡಬೇಕು. ಊರಿನ ಮೇಷ್ಟರು, ಕಾಲೇಜು ಹುಡುಗ ಹುಡುಗಿಯರು ಈ ವಾರವೇ ಶುರು ಮಾಡಬಹುದಾದ ಕೆಲಸ ಇದು.